ಅಂಜೂರದ ಚೀಟಿ

ನನ್ನ ದನಿ ಒಡೆದದ್ದು ಫೆಬ್ರವರಿಯಲ್ಲಿ. ಡಾಕ್ಟರ ಮುಂದೆ ಹೋಗಿ ಕೂತದ್ದು ಅಕ್ಟೋಬರಿನಲ್ಲಿ. ನಡುವಿನ ಎಂಟು ತಿಂಗಳು ಏನು ಮಾಡ್ತಿದ್ರಿ ಟೀಚರ್ ಅಂತ ಕೇಳಿದವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳಿದ್ದೇನೆ. ಸೀಮೆಸುಣ್ಣದ ಧೂಳು ಅಂದೆ, ಮಗಳ ಬಾಣಂತನ ಅಂದೆ, ಪುರುಸೊತ್ತೇ ಸಿಗಲಿಲ್ಲ ಅಂದೆ. ಎಲ್ಲಾ ಸುಳ್ಳು. ನಿಜ ಏನಂದರೆ, ನಾನು ಒಂದು ಚೀಟಿ ನಂಬಿಕೊಂಡು ಕೂತಿದ್ದೆ. ಅದೂ ನನ್ನ ಕೈಯಾರೆ ಬರೆದ ಚೀಟಿ.

ನನ್ನ ಹಾಗೆ ಏನೋ ಒಂದನ್ನು ನಂಬಿಕೊಂಡು, ಮೈಯೊಳಗಿನ ಗಂಟನ್ನೋ ನೋವನ್ನೋ ಸೆರಗಿನಡಿ ಮುಚ್ಚಿಕೊಂಡು ಕೂತವರು ಇನ್ನೂ ಇದ್ದಾರೆ ಅಂತ ಗೊತ್ತಾದ ಮೇಲೆ ಇದನ್ನು ಬರೆಯೋಣ ಅನ್ನಿಸಿತು. ಬುದ್ಧಿ ಹೇಳೋದಕ್ಕಲ್ಲ. ಬುದ್ಧಿ ಹೇಳಿ ಹೇಳಿಯೇ ನಾನು ಕೆಟ್ಟದ್ದು.

ನಾನು ಗ್ರೇಸಿ. ದಾವಣಗೆರೆಯ ವಿನೋಬನಗರದಲ್ಲಿ ಮನೆ. ಮೂವತ್ತೆರಡು ವರ್ಷ ಪ್ರೈಮರಿ ಶಾಲೆಯಲ್ಲಿ ಕನ್ನಡ ಕಲಿಸಿ ರಿಟೈರ್ ಆದವಳು, ಹಾಗಾಗಿ ಓಣಿಗೆಲ್ಲ ಟೀಚರ್. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಸಂಡೇ ಸ್ಕೂಲು, ಅದಾದ ಮೇಲೆ ಆರಾಧನೆಯಲ್ಲಿ ಸತ್ಯವೇದದ ಪಾಠ ಓದುವುದು. ನನಗೆ ಮೈಕ್ ಬೇಕಾಗಿರಲಿಲ್ಲ. ಕೊನೇ ಬೆಂಚಿನ ಕಿವುಡಜ್ಜನಿಗೂ ಕೇಳಿಸುತ್ತಿತ್ತು. ದನಿಯ ಬಗ್ಗೆ ಜಂಬ ಇತ್ತೇನು ಅಂದರೆ, ಇತ್ತು. ಈಗ ಮುಚ್ಚಿಟ್ಟು ಏನು ಮಾಡಲಿ?

ನಮ್ಮ ಮನೆಯವರು ವಸಂತ. ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಮುಂದೆ ನಿಂತೇ ಆಯುಷ್ಯ ಕಳೆದವರು. ಚರ್ಚಿಗೆ ಬರುತ್ತಾರೆ, ಕಿವುಡಜ್ಜನ ಪಕ್ಕ ಕೂಡುತ್ತಾರೆ, ಪ್ರಸಂಗ ಉದ್ದವಾದರೆ ತೂಕಡಿಸುತ್ತಾರೆ. ಅವರ ಇಡೀ ವೇದಾಂತ ಒಂದೇ ಮಾತಿನಲ್ಲಿ ಮುಗಿಯುತ್ತದೆ: "ಮಷೀನಿನ ಸೌಂಡು ಬದಲಾತು ಅಂದ್ರೆ ಬಿಚ್ಚಿ ನೋಡ್ಬೇಕು."

ಇನ್ನು ಚೀಟಿಯ ವಿಷಯ. ನಮ್ಮಲ್ಲಿ ಹೊಸ ವರ್ಷದ ಮೊದಲ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಎಲ್ಲರೂ ಸಾಲಾಗಿ ನಿಂತು ವಾಗ್ದಾನದ ಚೀಟಿ ಎತ್ತುತ್ತಾರೆ. ಪಾಸ್ಟರು ಒಂದು ಡಬ್ಬಿ ಹಿಡಿದು ನಿಂತಿರುತ್ತಾರೆ, ಕಣ್ಣು ಮುಚ್ಚಿ ಕೈ ಹಾಕಬೇಕು. ಕೈಗೆ ಬಂದ ವಾಕ್ಯ ಆ ವರ್ಷಕ್ಕೆ ದೇವರು ನಿಮಗೇ ಅಂತ ಹೇಳಿದ ಮಾತು. ಕೆಲವರು ಅದನ್ನು ಕನ್ನಡಿಗೆ ಅಂಟಿಸುತ್ತಾರೆ, ಕೆಲವರು ಸತ್ಯವೇದದೊಳಗೆ ಇಡುತ್ತಾರೆ, ನಮ್ಮ ಅಕ್ಕ ಅಕ್ಕಿ ಡಬ್ಬಿಯಲ್ಲಿ ಇಡುತ್ತಾಳೆ. ಆ ಇನ್ನೂರು ಚೀಟಿಗಳನ್ನು ಬರೆಯುವವಳು ನಾನು. ಅಕ್ಷರ ದುಂಡಗಿವೆ ಅಂತ ಇಪ್ಪತ್ತು ವರ್ಷದ ಹಿಂದೆ ಹಚ್ಚಿದ ಕೆಲಸ, ಹಾಗೇ ನನ್ನ ಕೊರಳಿಗೆ ಬಿತ್ತು. ಡಿಸೆಂಬರ್ ಪೂರ್ತಿ ಊಟದ ಟೇಬಲ್ ಮೇಲೆ ಡ್ರಾಯಿಂಗ್ ಶೀಟು, ಕತ್ತರಿ, ಇಂಕ್ ಪೆನ್ನು. ಯಾವ ವಾಕ್ಯ ಹಾಕಬೇಕು, ಯಾವುದು ಬೇಡ ಅಂತ ಆರಿಸುವವಳೂ ನಾನೇ. ಸಿಹಿಯಾದದ್ದನ್ನೇ ಆರಿಸುತ್ತಿದ್ದೆ. ನಿನ್ನನ್ನು ಕೈಬಿಡೆನು, ನಿನ್ನ ಪಾದ ಎಡವದು, ಅಂಥವು. ಹಬ್ಬದ ದಿನ ಯಾರ ಕೈಗೂ ಕಹಿ ಹೋಗಬಾರದು ಅಂತ.

ಆ ಜನವರಿಯಲ್ಲಿ ನನ್ನ ಕೈಗೆ ಬಂದದ್ದು, ಮಾತು ತೊದಲುತ್ತದೆ ಅಂತ ಹಿಂಜರಿದ ಮೋಶೆಗೆ ದೇವರು ಕೊಟ್ಟ ಭರವಸೆ. ನಿನ್ನ ಬಾಯಿಯ ಸಂಗಡ ನಾನೇ ಇರುತ್ತೇನೆ ಹೋಗು ಅನ್ನುವ ಅರ್ಥದ್ದು. ಎಷ್ಟು ಖುಷಿಪಟ್ಟೆ ಅಂದರೆ, ಮನೆಯವರಿಗೆ ಮೂರು ಸಲ ಓದಿ ಹೇಳಿದೆ. "ನೀನೇ ಬರ್ದಿದ್ದಲ್ಲೇನೇ ಇದು?" ಅಂದರು. "ಬರೆದದ್ದು ನಾನು, ಕೊಟ್ಟದ್ದು ದೇವರು," ಅಂದೆ.

ಮುಂದಿನ ತಿಂಗಳೇ ದನಿ ಒಡೆಯಿತು.

ಮೊದಮೊದಲು ಸಂಜೆ ಹೊತ್ತು ಮಾತ್ರ. ಆಮೇಲೆ ಹಾಡುವಾಗ ಮೇಲಿನ ಸ್ವರ ಸಿಗದಾಯಿತು. ಕುತ್ತಿಗೆಯ ಎಡಕ್ಕೆ ಕಡಲೆಕಾಳಿನಷ್ಟು ಏನೋ ಕೈಗೆ ಹತ್ತುತ್ತಿತ್ತು. ಹತ್ತಿದ ಕೂಡಲೇ ಕೈ ತೆಗೆಯುತ್ತಿದ್ದೆ, ಬಿಸಿ ಬೋಗುಣಿ ಮುಟ್ಟಿದ ಹಾಗೆ. ಮನೆಯವರು ದಿನಾ ಹೇಳುತ್ತಿದ್ದರು. "ಗ್ರೇಸಿ, ಸೌಂಡು ಬದಲಾಗೇತೆ. ತೋರ್ಸೋಣು ಬಾ."

"ನನ್ನ ಬಾಯಿ ಜವಾಬ್ದಾರಿ ದೇವರು ತಗೊಂಡಾನೆ. ಆತನ ಮಾತಿಗಿಂತ ಡಾಕ್ಟರ್ ಮಾತು ದೊಡ್ಡದೇನ್ರಿ?"

ಇದು ಬಾಯಿಗೆ ಬಂದ ಮಾತಲ್ಲ. ಮೂವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ನಾನು ಕಲಿಸಿದ್ದೇ ಇದನ್ನು. ಲೋಕದ ಜ್ಞಾನ ದೇವರ ಎದುರಿಗೆ ಹುಚ್ಚುತನ ಅಂತ ಪೌಲ ಕೊರಿಂಥದವರಿಗೆ ಬರೆದದ್ದನ್ನು ಬೋರ್ಡಿನ ಮೇಲೆ ಎರಡು ಕಾಲಂ ಮಾಡಿ ಹಾಕುತ್ತಿದ್ದೆ. ಎಡಕ್ಕೆ ಮನುಷ್ಯನ ಬುದ್ಧಿ, ಬಲಕ್ಕೆ ದೇವರ ಪ್ರಕಟಣೆ. ಬಾಬೆಲಿನ ಗೋಪುರ ಎಡಕ್ಕೆ. ನೋಹನ ನಾವೆ ಬಲಕ್ಕೆ. ಫರೋಹನ ಪಂಡಿತರು ಎಡಕ್ಕೆ, ಕನಸಿನ ಅರ್ಥ ಹೇಳಿದ ಯೋಸೇಫ ಬಲಕ್ಕೆ. ಮಕ್ಕಳು ಚೆನ್ನಾಗಿ ಕಲಿಯುತ್ತಿದ್ದರು. ನಾನೂ ಕಲಿತುಬಿಟ್ಟೆ.

ಆಗಸ್ಟಿನಲ್ಲಿ ಹರಿಹರಕ್ಕೆ ಹೋಗಿದ್ದೆ, ಕಮಲಕ್ಕನ ಮನೆಗೆ. ನಾವು ಹುಟ್ಟಿ ಬೆಳೆದದ್ದು ಅಲ್ಲೇ, ಹೊಳೆಗೆ ಹತ್ತು ಹೆಜ್ಜೆ. ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಅಕ್ಕ ಮೆಟ್ಟಿಲ ಮೇಲೆ ಕೂತು ನನ್ನ ಮಾತು ಕೇಳಿದಳು, ಕೇಳುತ್ತಾ ಕೇಳುತ್ತಾ ಮುಖ ಸಣ್ಣದು ಮಾಡಿಕೊಂಡಳು.

"ಇದೇನೇ ಇದು, ಹರಿದ ತಮಟೆ ಆಗೇತಲ್ಲೇ ನಿನ್ನ ದನಿ! ಡಾಕ್ಟರ್ ಏನಂದ್ರು?"

ಹೋಗಿಲ್ಲ ಅಂದೆ. ಚೀಟಿಯ ಕಥೆ ಹೇಳಿದೆ. ಅಕ್ಕ ಹಣೆ ಚಚ್ಚಿಕೊಂಡಳು.

"ಕುಷ್ಠ ಆಗಿದ್ದ ನಾಮಾನನ ಕಥೆ ನೀನೇ ಹೇಳ್ತಿದ್ದೆಲ್ಲ. ಅಂಥಾ ಸೇನಾಪತಿಗೆ ದಾರಿ ತೋರ್ಸಿದೋಳು ಯಾರು? ಮನಿ ಕೆಲಸದ ಹುಡುಗಿ. ದೇವದೂತ ಇಳಿದು ಬಂದಿದ್ನೇನು?"

"ಆಕಿ ಪ್ರವಾದಿ ಹತ್ರ ಕಳ್ಸಿದ್ಲು ಅಕ್ಕ, ಡಾಕ್ಟರ್ ಹತ್ರ ಅಲ್ಲ. ಹೊಳ್ಯಾಗ ಏಳು ಸಲ ಮುಳುಗು ಅಂದ ಪ್ರವಾದಿ, ವಾಸಿ ಆತು."

"ವಾದಕ್ಕೇನೂ ಕಮ್ಮಿ ಇಲ್ಲ ನಿಂಗೆ. ದನಿ ಹೋದ್ರೂ ಬಾಯಿ ಹೋಗಿಲ್ಲ."

ಇಬ್ಬರೂ ನಕ್ಕೆವು. ನಗುವಾಗ ನನಗೆ ಕೆಮ್ಮು ಬಂತು. ಕೆಮ್ಮು ನಿಲ್ಲುವ ತನಕ ಅಕ್ಕ ಬೆನ್ನು ನೀವುತ್ತಾ ಇದ್ದಳು. ಆ ಸಂಜೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿಯ ಹೊರಗೆ ಭತ್ತದ ಗದ್ದೆಗಳು ಹಸುರಾಗಿ ತೇಲಿ ಹೋಗುತ್ತಿದ್ದವು. ನಾನು ಒಬ್ಬಳೇ ಹಿಂದಕ್ಕೆ ಹೋಗುತ್ತಿದ್ದೇನೆ ಅನ್ನಿಸಿತು. ಹೆದರಿಕೆಯಾಗಿತ್ತು, ಅಷ್ಟೇ. ಅದನ್ನು ಹೆದರಿಕೆ ಅಂತ ಒಪ್ಪಿಕೊಳ್ಳದೆ ನಂಬಿಕೆ ಅಂತ ಕರೆದಿದ್ದೆ.

ಅಕ್ಟೋಬರಿನ ಮೊದಲ ಭಾನುವಾರ. ಪಾಠ ಓದಲು ನಿಂತೆ. ಎರಡು ಸಾಲು ಓದಿದೆ, ಮೂರನೇ ಸಾಲಿಗೆ ಬಾಯಿ ತೆರೆದೆ, ದನಿ ಬರಲಿಲ್ಲ. ಉಸಿರು ಬಂತು, ತುಟಿ ಆಡಿತು, ದನಿ ಇಲ್ಲ. ಚರ್ಚಿನ ಫ್ಯಾನುಗಳ ಸದ್ದು ಅಷ್ಟು ಜೋರಾಗಿದೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಕೊನೇ ಬೆಂಚಿನಿಂದ ನಮ್ಮ ಮನೆಯವರು ಎದ್ದು, ನಡುವಿನ ದಾರಿಯಲ್ಲಿ ನಡೆದು ಬಂದು, ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು. ಮದುವೆಯ ದಿನ ಬಿಟ್ಟರೆ ಚರ್ಚಿನೊಳಗೆ ಅವರು ನನ್ನ ಕೈ ಹಿಡಿದದ್ದು ಅದೇ.

ಮರುದಿನ ಆಸ್ಪತ್ರೆ. ಉಕ್ಕಿನ ಕುರ್ಚಿಗಳ ಸಾಲು, ಗೋಡೆಯ ಮೇಲೆ ಟಿವಿ, ಅದರಲ್ಲಿ ಸದ್ದಿಲ್ಲದೆ ಯಾರೋ ಅಡುಗೆ ಮಾಡುತ್ತಿದ್ದರು. ಪಕ್ಕದಲ್ಲಿ ಹಳ್ಳಿಯ ಕಡೆಯ ಹೆಂಗಸೊಬ್ಬಳು ರೊಟ್ಟಿ ಬುತ್ತಿ ಬಿಚ್ಚಿ, ಕೇಳದೆಯೇ ಅರ್ಧ ರೊಟ್ಟಿ, ಮೇಲೆ ಶೇಂಗಾ ಚಟ್ನಿ ಇಟ್ಟು ನನ್ನ ಕೈಗೆ ಕೊಟ್ಟಳು. "ತಿನ್ರಿ ಅಕ್ಕಾರೆ, ಇಲ್ಲಿ ನಂಬರ್ ಬರೋದ್ರಾಗ ಹಸಿವಿಗೇ ಹೋಗಿಬಿಡ್ತೀವಿ." ತಿಂದೆ. ಅಷ್ಟು ರುಚಿಯಾದ ರೊಟ್ಟಿ ಮತ್ತೆ ತಿಂದಿಲ್ಲ.

ಡಾಕ್ಟರಮ್ಮನಿಗೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಹಣೆಯ ಮೇಲೆ ತೆಳ್ಳಗೆ ವಿಭೂತಿ. ಕುತ್ತಿಗೆ ಮುಟ್ಟಿ ನೋಡಿದರು, ಮೂಗಿನಿಂದ ಸಣ್ಣ ಕೊಳವೆ ಇಳಿಸಿ ಒಳಗೆ ನೋಡಿದರು.

"ಎಷ್ಟು ದಿನ ಆತಮ್ಮಾ?"

ಎರಡು ಬೆರಳು ತೋರಿಸಿದೆ, ಎರಡು ತಿಂಗಳು ಅಂತ. ಹಿಂದಿನಿಂದ ಮನೆಯವರು, "ಎಂಟು ತಿಂಗಳು ಡಾಕ್ಟ್ರೇ," ಅಂದರು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಬರೆದುಕೊಂಡರು.

ಪರೀಕ್ಷೆಗಳೆಲ್ಲ ಆಗಿ ವಾರಕ್ಕೆ ಗೊತ್ತಾಯಿತು, ಥೈರಾಯ್ಡಿನಲ್ಲಿ ಕ್ಯಾನ್ಸರು. ದನಿಯ ನರಕ್ಕೆ ತಗುಲಿಕೊಂಡಿದೆ. ತೆಗೆಯಬೇಕು. ಜೀವಕ್ಕೆ ದಾರಿ ಇದೆ, ದನಿಗೆ ಭರವಸೆ ಕೊಡಲಾರೆ ಅಂದರು. ಮುಂಚೆ ಬಂದಿದ್ದರೆ? ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ, ಉತ್ತರ ಅವರ ಮುಖದ ಮೇಲೇ ಇತ್ತು.

ಮನೆಗೆ ಬಂದವಳೇ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅತ್ತೆ. ಸಾವಿಗಲ್ಲ, ನಿಜವಾಗಿಯೂ ಸಾವಿಗಲ್ಲ. ಆ ಚೀಟಿಗೆ ಅತ್ತೆ. ದೇವರು ನನಗೆ ಸುಳ್ಳು ಹೇಳಿದನೋ, ಇಲ್ಲಾ ನಾನು ದೇವರ ಹೆಸರಿನಲ್ಲಿ ನನಗೇ ಸುಳ್ಳು ಹೇಳಿಕೊಂಡೆನೋ? ಎರಡರಲ್ಲಿ ಯಾವುದು ನಿಜವಾದರೂ ನನ್ನ ಹತ್ತಿರ ಉಳಿಯುವುದೇನು?

ಸುದ್ದಿ ತಿಳಿದು ಜನ ಬಂದರು. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ಒಬ್ಬರು ಇದು ಪರೀಕ್ಷೆ ಅಂದರು, ಇನ್ನೊಬ್ಬರು ಮನೆಯಲ್ಲಿ ಯಾರದೋ ಪಾಪ ಇದೆ ಅಂದು ನಮ್ಮ ಮನೆಯವರ ಕಡೆ ನೋಡಿದರು. ಬೂದಿಯಲ್ಲಿ ಕೂತ ಯೋಬನ ಹತ್ತಿರ ಅವನ ಗೆಳೆಯರು ಏಳು ದಿನ ಬಾಯಿ ಬಿಡದೆ ಕೂತಿದ್ದರಂತೆ. ನಮ್ಮವರಿಗೆ ಏಳು ನಿಮಿಷವೂ ಆಗಲಿಲ್ಲ. ಹಿರಿಯ ಹೆಂಗಸೊಬ್ಬರು ನನ್ನ ತಲೆಯ ಮೇಲೆ ಕೈಯಿಟ್ಟು, "ನಂಗೆ ದರ್ಶನದಾಗ ತೋರ್ಸ್ಯಾನೆ ಟೀಚರ್, ಆಪರೇಷನ್ ಮಾಡಿಸ್ಕಬ್ಯಾಡ್ರಿ," ಅಂದರು. ಹೂಂ ಅಂದುಬಿಡೋಣ ಅನ್ನಿಸಿತು. ಬೋರ್ಡಿನ ಬಲಗಡೆಯ ಕಾಲಂ ಇನ್ನೂ ನನ್ನ ಎದೆಯಲ್ಲಿ ಅಳಿಸಿರಲಿಲ್ಲ.

ಅವರು ಹೋದ ಮೇಲೆ ಆಪರೇಷನ್ ಬೇಡ ಅಂತ ಹಾಳೆಯ ಮೇಲೆ ಬರೆದು ಮನೆಯವರಿಗೆ ಕೊಟ್ಟೆ. ಓದಿದರು, ಮಡಚಿ ಜೇಬಿಗೆ ಹಾಕಿಕೊಂಡರು. ಎಂದೂ ತೆರೆದು ಓದದವರು ನನ್ನ ಸತ್ಯವೇದ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತರು. ಮರುದಿನ ಮಧ್ಯಾಹ್ನದ ತನಕ ವರ್ಕ್‌ಶಾಪಿಗೂ ಹೋಗದೆ ಓದುತ್ತಲೇ ಇದ್ದರು, ಎಣ್ಣೆ ಇಂಗಿದ ಆ ದಪ್ಪ ಬೆರಳು ಸಾಲಿನ ಕೆಳಗೆ ಇಟ್ಟುಕೊಂಡು, ಒಂದನೇ ಕ್ಲಾಸಿನವರ ಹಾಗೆ. ನಾನು ಮಲಗಿದಲ್ಲಿಂದ ನೋಡುತ್ತಿದ್ದೆ. ಬಿಸಿಲು ಅವರ ಮೊಣಕಾಲಿನಿಂದ ಪಾದಕ್ಕೆ, ಪಾದದಿಂದ ನೆಲಕ್ಕೆ ಇಳಿಯಿತು.

"ಗ್ರೇಸಿ, ಈ ಹಿಜ್ಕೀಯ ರಾಜನ ಕಥೆ ಮಕ್ಕಳಿಗೆ ಹೇಳಿದೀಯೇನು?"

ತಲೆ ಆಡಿಸಿದೆ. ಹೇಳದೆ ಇರುತ್ತೇನೆಯೇ. ರಾಜನಿಗೆ ಸಾಯುವಂಥ ಹುಣ್ಣು. ಪ್ರವಾದಿ ಯೆಶಾಯ ಬಂದು ನೀನು ಸಾಯುತ್ತೀ ಅನ್ನುತ್ತಾನೆ. ರಾಜ ಗೋಡೆಯ ಕಡೆ ತಿರುಗಿ ಅಳುತ್ತಾನೆ. ಪ್ರವಾದಿ ಅಂಗಳ ದಾಟುವುದರೊಳಗೆ ದೇವರು ಅವನನ್ನು ತಿರುಗಿ ಕಳಿಸುತ್ತಾನೆ, ಹದಿನೈದು ವರ್ಷ ಆಯುಷ್ಯ ಕೊಟ್ಟೆ ಅಂತ ಹೇಳು ಎಂದು. ಗುರುತಿಗೆ ಮೆಟ್ಟಿಲ ಮೇಲಿನ ನೆರಳು ಹತ್ತು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಮಕ್ಕಳಿಗೆ ಆ ನೆರಳೆಂದರೆ ಪ್ರಾಣ.

"ಅಂಜೂರದ್ದು ಹೇಳಿದೀಯೇನು?"

ಯಾವ ಅಂಜೂರ ಅನ್ನುವ ಹಾಗೆ ನೋಡಿದೆ.

"ಆಯುಷ್ಯ ಕೊಟ್ಟೆ ಅಂತ ದೇವರೇ ಹೇಳ್ಯಾನೆ. ಆಮೇಲೆ ಪ್ರವಾದಿ ಏನಂತಾನೆ ನೋಡು. ಅಂಜೂರದ ಹಣ್ಣಿನ ಮುದ್ದೆ ತಂದು ಹುಣ್ಣಿನ ಮ್ಯಾಲೆ ಕಟ್ರಿ ಅಂತಾನೆ. ಹಚ್ತಾರೆ. ವಾಸಿ ಆಗ್ತತೆ." ಪುಸ್ತಕದಿಂದ ಕಣ್ಣೆತ್ತಿದರು. "ಮಾತು ಒಂದೇ ಸಾಕಾಗಿದ್ರೆ ಅಂಜೂರ ಯಾಕ ಬೇಕಾಗಿತ್ತು? ಆಳು ಕಳ್ಸು, ಹಣ್ಣು ತರ್ಸು, ಅರಿ, ಕಟ್ಟು. ಇಷ್ಟೆಲ್ಲಾ ಕೆಲಸ ಯಾಕ ಹಚ್ಚಿದ ದೇವರು?"

ಎದ್ದು ಕೂತೆ. ಪುಸ್ತಕ ಕಸಿದುಕೊಂಡು ನೋಡಿದೆ. ಇತ್ತು. ಮೂವತ್ತು ವರ್ಷ ಆ ಕಥೆ ಹೇಳಿದ್ದೇನೆ. ಅಳು ಹೇಳಿದ್ದೇನೆ, ನೆರಳು ಹೇಳಿದ್ದೇನೆ. ನಡುವಿನ ಆ ಒಂದು ಸಾಲನ್ನು ದಾಟಿಕೊಂಡೇ ಹೋಗಿದ್ದೆ, ಕಥೆಗೆ ಶೋಭೆ ತರುವುದಿಲ್ಲ ಅಂತ. ಯಾವ ಕಾಲಂನಲ್ಲಿ ಹಾಕಬೇಕು ಅದನ್ನು? ಎಡಕ್ಕೋ ಬಲಕ್ಕೋ? ಹೇಳಿದವನು ಪ್ರವಾದಿ, ಅರೆದವರು ಆಳುಗಳು, ಹಣ್ಣು ಯಾರದೋ ತೋಟದ್ದು.

"ನಾ ನಿನ್ನ ಹಂಗೆ ಓದಿದೋನಲ್ಲ," ಅಂದರು ಮನೆಯವರು. ಕಣ್ಣು ಕೆಂಪಾಗಿದ್ದವು. "ನಂಗೆ ನೀನು ಬೇಕು. ದನಿ ಇರ್ಲಿ ಬಿಡ್ಲಿ."

ಜೇಬಿನಿಂದ ನಾನು ಬರೆದ ಹಾಳೆ ತೆಗೆದು ಕೊಟ್ಟರು. ಹರಿದು ಹಾಕಿದೆ.

ಆಪರೇಷನ್ ದಿನ ಡಾಕ್ಟರಮ್ಮ ಹಸಿರು ಟೋಪಿ ಹಾಕಿಕೊಂಡು ಬಂದು ನನ್ನ ಕೆನ್ನೆ ತಟ್ಟಿದರು. ವಿಭೂತಿಯ ಒಂದು ತುದಿ ಟೋಪಿಯಿಂದ ಇಣುಕುತ್ತಿತ್ತು. "ನಿಮ್ಮ ದೇವರಿಗೆ ನೀವು ಹೇಳ್ರಿ, ನಮ್ಮ ಶಿವನಿಗೆ ನಾ ಹೇಳೀನಿ. ಇನ್ನ ಆರಾಮ್ ಮಲಗ್ರಿ." ನಗು ಬಂತು. ಆ ನಗುವಿನೊಳಗೇ ಜಾರಿದೆ ಅಂತ ಕಾಣುತ್ತದೆ.

ಹೊಳೆ ಕಂಡಿತು. ಹರಿಹರದ್ದೇ, ಬೇಸಿಗೆಯ ಹೊಳೆ, ಕಲ್ಲುಗಳೆಲ್ಲ ಮೇಲೆದ್ದು ಬಿಸಿಲು ಕಾಯುತ್ತಿದ್ದವು. ಅವ್ವ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನೀರಿನ ತುಂಬ ನನ್ನ ಚೀಟಿಗಳು, ಇಪ್ಪತ್ತು ವರ್ಷದವೆಲ್ಲ, ಸಾವಿರಾರು, ನಿಧಾನಕ್ಕೆ ತೇಲಿ ಬರುತ್ತಿದ್ದವು. ಇಂಕು ಕರಗಿ ನೀರು ನೀಲಿಯಾಗುತ್ತಿತ್ತು. ನಡುಮಟ್ಟ ನೀರಿನಲ್ಲಿ ಸೇನಾಪತಿ ನಾಮಾನ ನಿಂತಿದ್ದ, ನಮ್ಮ ಮನೆಯವರ ಖಾಕಿ ಶರ್ಟು ಹಾಕಿಕೊಂಡು. ಮುಳುಗುತ್ತಿದ್ದ, ಏಳುತ್ತಿದ್ದ. ನನ್ನ ಕಡೆ ತಿರುಗಿ, "ಟೀಚರ್, ಇದು ಎಷ್ಟನೇದ್ರಿ?" ಅಂದ. ಏಳು ಅನ್ನಬೇಕು, ದನಿ ಬರಲಿಲ್ಲ. ಅವನು ಪಾಪ ಮತ್ತೆ ಮುಳುಗಿದ. ನಾನು ಹೇಳದಿದ್ದರೆ ಮುಳುಗುತ್ತಲೇ ಇರುತ್ತಾನಲ್ಲಾ ಅಂತ ನನಗೆ ಸಂಕಟ. ಅಷ್ಟರಲ್ಲಿ ಯಾರೋ, "ಗ್ರೇಸಮ್ಮಾ, ಕಣ್ಣು ಬಿಡ್ರಿ," ಅಂದರು.

ಕಣ್ಣು ಬಿಟ್ಟೆ. ಕುತ್ತಿಗೆಗೆ ಬ್ಯಾಂಡೇಜು. ಮನೆಯವರು ಬಾಗಿಲ ಹತ್ತಿರ, ಕೈಯಲ್ಲಿ ನನ್ನ ಚಪ್ಪಲಿ ಹಿಡಿದುಕೊಂಡು ನಿಂತಿದ್ದರು. ಯಾಕೆ ಹಿಡಿದುಕೊಂಡಿದ್ದರೋ, ಅವರಿಗೂ ಗೊತ್ತಿರಲಿಲ್ಲ.

ದನಿಯ ನರವನ್ನು ಒಂದು ಕಡೆ ಬಿಡಿಸಿಕೊಳ್ಳಲು ಆಗಲಿಲ್ಲವಂತೆ. ಇನ್ನೊಂದು ಕಡೆಯದು ಚೆನ್ನಾಗಿದೆ. ಹಾಗಾಗಿ ಈಗ ನನಗೆ ಉಳಿದಿರುವುದು ಅರ್ಧ ದನಿ. ಎದುರಿಗೆ ಕೂತವರಿಗೆ ಕೇಳಿಸುತ್ತದೆ, ಬಾಗಿಲಾಚೆ ಕೇಳಿಸುವುದಿಲ್ಲ. ಮನೆಯವರು ಈಗ ನನ್ನ ಮಾತು ಕೇಳಲು ಹತ್ತಿರ ಬಂದು ಬಗ್ಗುತ್ತಾರೆ. ಮೂವತ್ತು ವರ್ಷ ಅಡುಗೆ ಮನೆಯಿಂದಲೇ ಕೂಗಿ ಮಾತಾಡಿದ ಸಂಸಾರ ನಮ್ಮದು.

ಡಿಸೆಂಬರಿನಲ್ಲಿ ಬೇರೆ ಊರಿನ ಆಸ್ಪತ್ರೆಗೆ ಹೋಗಿ ವಿಕಿರಣದ ಒಂದು ಔಷಧಿ ನುಂಗಿ ಮೂರು ದಿನ ಒಂಟಿಯಾಗಿ ಕೋಣೆಯಲ್ಲಿ ಇರಬೇಕಾಯಿತು. ಯಾರೂ ಹತ್ತಿರ ಬರುವಂತಿಲ್ಲ, ಊಟದ ತಟ್ಟೆ ಬಾಗಿಲ ಹತ್ತಿರ ಇಟ್ಟು ಹೋಗುತ್ತಿದ್ದರು. ಒಳಗೆ ತಂದ ಸಾಮಾನಿಗೆಲ್ಲ ಔಷಧಿಯ ಸೋಂಕು ಹತ್ತುತ್ತದೆ ಅಂದದ್ದಕ್ಕೆ ಸತ್ಯವೇದ ಮನೆಯಲ್ಲೇ ಬಿಟ್ಟಿದ್ದೆ. ಮೂರು ದಿನವೂ ಕಿಟಕಿಯಲ್ಲಿ ಒಂದು ಬೇವಿನ ಮರ, ಮರದಲ್ಲಿ ಅಳಿಲು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಥರದ ಬೆಳಕು. ದೇವರು ಏನಾದರೂ ಹೇಳುತ್ತಾನೇನೋ ಅಂತ ಕಾದೆ. ಏನೂ ಹೇಳಲಿಲ್ಲ. ಮೂರನೇ ದಿನ, ಇಲ್ಲಿಗೆ ನನ್ನನ್ನು ತಂದು ಮುಟ್ಟಿಸಿದವರನ್ನು ಒಬ್ಬೊಬ್ಬರನ್ನಾಗಿ ನೆನೆಸಿಕೊಂಡೆ. ಅಕ್ಕ, ಮನೆಯವರ ಬೆರಳು, ಅರ್ಧ ರೊಟ್ಟಿ ಕೊಟ್ಟವಳು, ವಿಭೂತಿಯ ಡಾಕ್ಟರಮ್ಮ. ದೇವರು ಹೇಳುವುದನ್ನೆಲ್ಲ ಇವರ ಮೂಲಕವೇ ಹೇಳಿಯಾಗಿತ್ತೇನೋ.

ಮನೆಗೆ ಬಂದು ಚೀಟಿ ಬರೆಯಲು ಕೂತೆ. ನೂರಾ ತೊಂಬತ್ತೊಂಬತ್ತು ಸಿಹಿ ವಾಕ್ಯ. ಇನ್ನೂರನೆಯದು, ಅಂಜೂರದ ಮುದ್ದೆ ತಂದು ಹುಣ್ಣಿನ ಮೇಲೆ ಹಚ್ಚುವ ಆ ಸಾಲು. ಓದಿದವರು ನಗಬಹುದು, ಪಾಸ್ಟರು ಬೈಯಬಹುದು. ಬೈಯಲಿ. ನಮ್ಮ ಮನೆಯವರ ಕೈಗೇ ಬರಲಿ ಅಂತ ಒಳಗೊಳಗೆ ಆಸೆ ಇತ್ತು.

ಹೊಸ ವರ್ಷದ ಬೆಳಿಗ್ಗೆ ನಾನೂ ಕೊನೇ ಬೆಂಚಿಗೆ ಹೋಗಿ ಕೂತೆ, ಮನೆಯವರ ಪಕ್ಕ. ಪಾಠವನ್ನು ಬೇರೆ ಯಾರೋ ಓದಿದರು, ಮೈಕಿನಲ್ಲಿ. ಹೊಟ್ಟೆಕಿಚ್ಚಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಚೀಟಿ ಎತ್ತುವುದು ಮುಗಿದು ಹೊರಗೆ ಎಲ್ಲರೂ ಕೇಕು, ಕಾಫಿ ಹಿಡಿದು ನಿಂತಿದ್ದಾಗ ಎಸ್ತೇರಮ್ಮ ಬಂದಳು. ನಮ್ಮ ಓಣಿಯ ತಿರುವಿನಲ್ಲಿ ಗಾಡಿಯ ಮೇಲೆ ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ಅಂಗಡಿ ಇಟ್ಟುಕೊಂಡವಳು, ಗಂಡ ತೀರಿ ಹತ್ತು ವರ್ಷ. ಓದು ಬರುವುದಿಲ್ಲ. ಪ್ರತಿ ವರ್ಷ ತನ್ನ ಚೀಟಿಯನ್ನು ನನ್ನ ಹತ್ತಿರವೇ ಓದಿಸುತ್ತಾಳೆ.

"ಓದ್ರಿ ಟೀಚರ್."

"ನನ್ನ ದನಿ ಹೋಗೇತಲ್ಲ ಎಸ್ತೇರಮ್ಮ, ಬೇರೆ ಯಾರಾದ್ರೂ..."

"ಬ್ಯಾಡ್ರಿ. ನಿಮ್ಮ ಬಾಯಿಂದನೇ ಆಗ್ಬೇಕು."

ಬಿಡಿಸಿದೆ. ಅಂಜೂರ.

ಎಸ್ತೇರಮ್ಮ ಕಾಯುತ್ತಿದ್ದಳು, ಹೊಸ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಪ್ರಸಾದಕ್ಕೆ ಒಡ್ಡಿದ ಹಾಗೆ ಕೈ ಜೋಡಿಸಿಕೊಂಡು. ಸುತ್ತ ಎಲ್ಲರೂ ತಮ್ಮ ತಮ್ಮ ಸಿಹಿಯನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಈ ಬಡವಿಗೆ ಹುಣ್ಣು, ಮುದ್ದೆ ಅಂತ ಹೇಗೆ ಓದಲಿ? ನನ್ನ ಶಾಣ್ಯಾತನಕ್ಕೆ ಇವಳೇ ಸಿಗಬೇಕಿತ್ತೇ? ನಾಚಿಕೆಯಾಯಿತು. ಬಾಯಿಗೆ ಬಂದ ಹಳೆಯದೊಂದನ್ನು ಹೇಳಿಬಿಟ್ಟೆ.

"ಹೆದರಬ್ಯಾಡ, ನಿನ್ನ ಮೈಗೆ ಯಾವ ಕೇಡೂ ತಟ್ಟಂಗಿಲ್ಲ ಅಂತ ಐತೆ."

ಅವಳ ಮುಖ ಅರಳಿತು. ಕಣ್ಣು ತುಂಬಿಕೊಂಡಳು. "ಹಂಗಾದ್ರೆ ಬಿಡ್ರಿ. ಇನ್ನ ಚಿಂತಿಲ್ಲ ನಂಗೆ. ದೇವರೇ ಹೇಳಿದ ಮ್ಯಾಲೆ," ಅಂದು ಚೀಟಿಯನ್ನು ರವಿಕೆಯೊಳಗೆ ಸೇರಿಸಿದಳು. ಸೇರಿಸಿದ ಕೈ ಎಡಗಡೆ ಒಂದು ಗಳಿಗೆ ಹಾಗೇ ನಿಂತಿತು, ಆಮೇಲೆ ಬಿಸಿ ತಗುಲಿದ ಹಾಗೆ ಸರಕ್ಕನೆ ಹೊರಬಂತು.

ಆ ಕೈ ನನಗೆ ಗೊತ್ತು. ಎಂಟು ತಿಂಗಳು ನನ್ನ ಕೈ ಕುತ್ತಿಗೆಯಿಂದ ಹಾಗೇ ಸರಿಯುತ್ತಿತ್ತು.

ಮನೆಗೆ ಬಂದು ಉಣ್ಣಲು ಕೂತವಳು ಅನ್ನ ಕಲಸುತ್ತಲೇ ಇದ್ದೆ. "ಏನಾತೇ?" ಅಂದರು ಮನೆಯವರು. ಹೇಳಿದೆ. ತಟ್ಟೆಯ ಮೇಲಿದ್ದ ಅವರ ಕೈ ನಿಂತಿತು. "ಮತ್ತ ಇಲ್ಲೇನ್ ಮಾಡಾಕತ್ತೀ? ಎದ್ದೇಳು." ಅಷ್ಟೇ ಅಂದರು.

ಹಬ್ಬದ ಸಂಜೆ, ಅಂಗಡಿಯ ಮುಂದೆ ಜನವೋ ಜನ. ಎಸ್ತೇರಮ್ಮ ಬಾಣಲೆಯ ಮುಂದೆ ನಿಂತು ಮೆಣಸಿನಕಾಯಿ ಬಿಡುತ್ತಿದ್ದಳು, ಎಣ್ಣೆ ಭೋರಂತ ಕುದಿಯುತ್ತಿತ್ತು. ನಾನು ಕರೆದದ್ದು ಕೇಳಿಸಲಿಲ್ಲ. ಎರಡನೇ ಸಲವೂ ಕೇಳಿಸಲಿಲ್ಲ. ಆ ಹೊತ್ತು ನನ್ನ ಹಳೆಯ ದನಿ ಬೇಕಾಗಿತ್ತು, ದೇವರಾಣೆಗೂ ಬೇಕಾಗಿತ್ತು. ಕೊನೆಗೆ ಜನರನ್ನು ಸರಿಸಿಕೊಂಡು ಗಾಡಿಯ ಹಿಂದಕ್ಕೇ ಹೋಗಿ ಅವಳ ಕಿವಿಯ ಹತ್ತಿರ ಬಾಯಿಟ್ಟೆ.

"ಎಸ್ತೇರಮ್ಮ, ನಾ ಬೆಳಿಗ್ಗೆ ಸುಳ್ಳು ಓದಿದೆ."

ಕರಿಯುವ ಜಾರೆ ಸೌಟು ಕೆಳಗಿಟ್ಟಳು. ಒಲೆ ಸಣ್ಣದು ಮಾಡಿದಳು. ಚೀಟಿ ತೆಗೆದು ಕೊಟ್ಟಳು, ಬೆವರಿಗೆ ಒದ್ದೆಯಾಗಿತ್ತು. ಇದ್ದದ್ದನ್ನು ಇದ್ದ ಹಾಗೇ ಓದಿದೆ, ರಾಜನ ಕಥೆ ಹೇಳಿದೆ. ನನ್ನ ಕಥೆ ಹೇಳಿದೆ, ಎಂಟು ತಿಂಗಳದ್ದು, ಒಂದೂ ಬಿಡದೆ. ನಾನೇ ಬೇಕಂತ ಬರೆದು ಹಾಕಿದ ಚೀಟಿ ಇದು, ದೇವರು ಬರೆದದ್ದಲ್ಲ ಅಂತಲೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಆಮೇಲೆ ಅಂದಳು, "ಬರ್ದೋರು ನೀವೇ ಇರ್ಬೋದ್ರಿ ಟೀಚರ್. ಡಬ್ಯಾಗ ಇನ್ನೂರು ಇದ್ವಲ್ಲ. ಕಣ್ಣು ಮುಚ್ಕೊಂಡು ಕೈ ಹಾಕೀನಿ. ಇದನ್ನೇ ನನ್ನ ಕೈಗೆ ಕೊಟ್ಟೋರು ಯಾರು?"

ಚೀಟಿಯನ್ನು ಮಡಚಿ ಅವಳ ಕೈಗೆ ತಿರುಗಿ ಕೊಟ್ಟೆ.

"ದಸರಾದಿಂದ ಐತ್ರಿ," ಅಂದಳು, ಎಡಗಡೆ ಕೈಯಿಟ್ಟುಕೊಂಡು. "ಅವರೇಕಾಳಿನಷ್ಟು. ಯಾರಿಗೂ ಹೇಳಿಲ್ಲ. ಹೇಳಿದ್ರೆ ಖರೇ ಆಗ್ತತೆ ಅಂತ ಭಯ."

"ನಾಳೆ ಹೋಗೋಣು. ನಾ ಬರ್ತೀನಿ."

ಮರುದಿನ ಅದೇ ಉಕ್ಕಿನ ಕುರ್ಚಿಗಳು, ಅದೇ ಸದ್ದಿಲ್ಲದ ಟಿವಿ. ಈ ಸಲ ಬುತ್ತಿ ನಾನು ಕಟ್ಟಿಕೊಂಡು ಹೋಗಿದ್ದೆ. ಎಸ್ತೇರಮ್ಮ ತಿನ್ನಲಿಲ್ಲ, ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. ಮುಂದೆ ಮೂರು ನಂಬರ್ ಇದ್ದಾಗ ಚೀಟಿ ತೆಗೆದಳು.

"ಇನ್ನೊಂದ್ ಸಲ ಓದ್ರಿ."

"ಇಲ್ಲೇನೇ? ಇಷ್ಟು ಜನದಾಗ?"

"ನಂಗೆ ಕೇಳಿದ್ರೆ ಸಾಕ್ರಿ."

ಚರ್ಚಿನಲ್ಲಿ ಎದ್ದು ನಿಂತು ಓದುವ ದನಿ ನನಗೆ ಇನ್ನು ಬರುವುದಿಲ್ಲ. ಪಕ್ಕದ ಕುರ್ಚಿಗೆ ಮುಟ್ಟುವಷ್ಟು ಉಳಿದಿದೆ. ಬಗ್ಗಿ, ಅವಳ ಕಿವಿಗೆ ಓದಿದೆ. ಅಂಜೂರ ಅನ್ನುವಲ್ಲಿ ದನಿ ಒಡೆಯಿತು, ನುಂಗಿಕೊಂಡು ಮತ್ತೆ ಮೊದಲಿನಿಂದ ಓದಿದೆ. ಅಷ್ಟರಲ್ಲಿ ಅವಳ ನಂಬರ್ ಕರೆದರು. ಎಸ್ತೇರಮ್ಮ ನನ್ನ ಸೆರಗು ಬಿಟ್ಟಳು, ಎದ್ದಳು, ಬಾಗಿಲು ತೆಗೆದು ಒಳಗೆ ಹೋದಳು.